ಭಾವನ ಗುಳಿಗೆ

ನನ್ನ ಎದೆ ತಾಳ ತಪ್ಪಿದೆ ಎಂಬ ಸಂಗತಿಯನ್ನು ಪತ್ತೆ ಹಚ್ಚಿದ ಕೀರ್ತಿ ವೈದ್ಯಶಾಸ್ತ್ರಕ್ಕೆ ಸಲ್ಲುವುದಿಲ್ಲ, ಸಿರುಗುಪ್ಪದಲ್ಲಿರುವ ನನ್ನ ಹೆಂಡತಿಯ ಅಣ್ಣನಿಗೆ ಸಲ್ಲುತ್ತದೆ. ಭಾವ ಮನೆಯಲ್ಲಿ ಬಿಪಿ ನೋಡುವ ಮಿಷಿನ್ ತಂದಿಟ್ಟುಕೊಂಡಾಗಿನಿಂದ ಆ ಮನೆಯಲ್ಲಿ ತೋಳು ಕೊಡದೆ ಚಹಾ ಕುಡಿದ ನೆಂಟನಿಲ್ಲ. ನನ್ನ ಸರದಿ ಬಂದಾಗ ಮಿಷಿನ್ನಿನಲ್ಲಿ ಸಣ್ಣದೊಂದು ಎದೆಯ ಚಿತ್ರ ಮಿಣುಕತೊಡಗಿತು. ಭಾವ ಸೆಲ್ಲು ಬದಲಾಯಿಸಿದ. ಮತ್ತೆ ಮಿಣುಕಿತು. ತನ್ನ ಹೆಂಡತಿಯ ತೋಳಿಗೆ ಕಟ್ಟಿ ನೋಡಿದ, ಸುಮ್ಮನಿತ್ತು. ಮರಳಿ ನನಗೆ ಕಟ್ಟಿದ.

“ಮಾಸ್ತರ, ಮಿಷಿನ್ ಬರೋಬ್ಬರಿ ಐತಿ,” ಎಂದು ತೀರ್ಪು ಕೊಟ್ಟ. “ಕೆಟ್ಟಿರೋದು ನೀವ.”

ನಿವೃತ್ತ ಶಾಲಾ ಮಾಸ್ತರನಿಗೆ ಇಂಥ ಮಾತು ಹೊಸದಲ್ಲ. ಆದರೂ ಕುರುಗೋಡಿಗೆ ಮರಳಿದ ಮೇಲೆ ನಮ್ಮೂರ ಡಾಕ್ಟರಿಗೆ ಕೈ ತೋರಿಸಿದೆ. ಅವರು ನಾಡಿ ಹಿಡಿದವರು ಬಿಡಲೇ ಇಲ್ಲ. ಹೊರಗೆ ಕೂತಿದ್ದ ಮಂದಿ ಕೆಮ್ಮಿ ಕೆಮ್ಮಿ ತಮ್ಮ ಸರದಿ ನೆನಪಿಸಿದರು. ಕಡೆಗೆ ಡಾಕ್ಟರು, “ಬಡಿತ ಒಮ್ಮೆ ಓಡತೈತಿ, ಒಮ್ಮೆ ನಿಂತು ಯೋಚನಿ ಮಾಡತೈತಿ. ನನ್ನ ಕೈಲಾಗೋದಲ್ಲ. ಹೃದಯದ ಡಾಕ್ಟರನ್ನ ನೋಡ್ರಿ,” ಎಂದರು.

ಹೃದಯದ ಡಾಕ್ಟರನ್ನು ಹುಡುಕುವುದು ನಮ್ಮ ಕಡೆ ವರ ಹುಡುಕಿದ ಹಾಗೆ. ಊರೆಲ್ಲ ಮಧ್ಯಸ್ಥರೇ. ಕಟಿಂಗ್ ಅಂಗಡಿಯಲ್ಲಿ ಒಬ್ಬರು ಬಳ್ಳಾರಿಯ ಒಬ್ಬ ಡಾಕ್ಟರನ್ನು ಬಹಳ ಹೊಗಳಿದರು. “ನಮ್ಮ ದೊಡ್ಡಪ್ಪನ್ನ ನೋಡಿದ್ದು ಅವರ.”

“ದೊಡ್ಡಪ್ಪಾರು ಈಗ ಹೆಂಗದಾರ?”

“ಅವರು ಹೋಗಿ ವರ್ಷಾತು. ಆದ್ರ ಡಾಕ್ಟರು ಮಾತ್ರ ಭಾಳ ಚೊಲೊ ಬಿಡ್ರಿ.”

ಈ ಗೊಂದಲದಲ್ಲಿ ಭಾವ ಮುಂದಾಳತ್ವ ವಹಿಸಿದ. ಬಳ್ಳಾರಿಯಿಂದ ವಾರಕ್ಕೊಮ್ಮೆ ಸಿರುಗುಪ್ಪಕ್ಕೆ ಬಂದು ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂಡುವ ತಜ್ಞರೊಬ್ಬರಿದ್ದರು. ಅಲ್ಲಿಗೆ ಹೊರಡುವ ಬೆಳಿಗ್ಗೆ ಭಾವ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಇಸ್ತ್ರಿ ಅಂಗಿ ಆಗಿತ್ತು, ಗಡ್ಡ ಆಗಿತ್ತು, ವಿಭೂತಿಯೂ ಆಗಿತ್ತು. ಆದರೂ ಅವನಿಗೆ ಸಮಾಧಾನವಿಲ್ಲ. ಅವನದೂ ಹಳೆಯ ಎದೆ ಬಡಿತದ ಬೇನೆಯೇ. ಜೇಬಿನಿಂದ ತನ್ನ ಗುಳಿಗೆ ಒಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟ.

“ಇದನ್ನ ನುಂಗ್ರಿ. ಡಾಕ್ಟರ ಮುಂದ ಎದಿ ಹುಚ್ಚುಚ್ಚಾರ ಕುಣಿದ್ರ ನಮ್ಮ ಮನಿತನದ ಮರ್ಯಾದಿ ಏನು?”

ಬೇರೆಯವರಿಗೆ ಇದು ವಿಚಿತ್ರವಾಗಿ ಕಂಡೀತು. ನನಗೆ ಕಾಣಲಿಲ್ಲ. ಇನ್‌ಸ್ಪೆಕ್ಟರು ಬರುವ ದಿನ ಸಾಲಿಗೆ ಸುಣ್ಣ ಬಳಿಸಿ, ತೊದಲುವ ಹುಡುಗರನ್ನು ಹಿಂದಿನ ಬೆಂಚಿಗೆ ಕಳಿಸಿ ಬದುಕಿದವನು ನಾನು. ದೊಡ್ಡವರ ಎದುರು ಚಂದ ಕಾಣಬೇಕೆಂಬುದು ನನ್ನ ಧರ್ಮ. ನುಂಗಿದೆ.

ತಜ್ಞರು ಎದೆಗೆ ತಂತಿ ಅಂಟಿಸಿ ಇಸಿಜಿ ತೆಗೆದರು. ಗೆರೆಗಳು ಗದ್ದೆಯಲ್ಲಿ ನಾಟಿ ಮಾಡಿದ ಸಸಿಗಳಂತೆ ಒಂದರ ಪಕ್ಕ ಒಂದು ಶಿಸ್ತಾಗಿ ನಿಂತಿದ್ದವು. “ಏನೂ ಇಲ್ಲ, ಆರಾಮ ಇರ್ರಿ,” ಎಂದರು. ಬಳ್ಳಾರಿಯ ದೊಡ್ಡ ಆಸ್ಪತ್ರೆಗೂ ಹೋದೆವು. ಅದೇ ಅಂಗಿ, ಅದೇ ವಿಭೂತಿ, ಅದೇ ಗುಳಿಗೆ, ಅದೇ ಮಾತು. ಭಾವ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ತಾನೇ ಪಾಸಾದವನಂತೆ ಮೀಸೆ ತೀಡಿದ. ಹೆಂಡತಿ ಮಾತ್ರ ನನ್ನನ್ನು ನಾಟಕದ ಪಾತ್ರಧಾರಿಯನ್ನು ನೋಡುವಂತೆ ನೋಡಿದಳು. ಏಕೆಂದರೆ ಕುರುಗೋಡಿನ ಮನೆ ಸೇರಿದ ಕೂಡಲೇ ಎದೆ ಮತ್ತೆ ಗೋಣಿಚೀಲದಲ್ಲಿ ಕಟ್ಟಿದ ಕೋಳಿಯಂತೆ ಒದ್ದಾಡುತ್ತಿತ್ತು.

ನಮ್ಮೂರ ಡಾಕ್ಟರು ಮಾತ್ರ ಪಟ್ಟು ಬಿಡಲಿಲ್ಲ. “ನಾ ಕೈಯಾರೆ ಹಿಡಿದು ನೋಡೀನಿ. ಸುಳ್ಳಾಗಾಕ ಸಾಧ್ಯ ಇಲ್ಲ,” ಎಂದು ಬಳ್ಳಾರಿಯಲ್ಲೇ ಇರುವ ಇನ್ನೊಬ್ಬ ಹೃದಯದ ಡಾಕ್ಟರ ಹತ್ತಿರ, ಒಬ್ಬ ಹೆಣ್ಣುಮಗಳ ಹತ್ತಿರ ಕಳಿಸಿದರು. ಆಕೆ ಇಸಿಜಿಯ ಕಡೆ ಕೈ ಹಾಕುವ ಮುಂಚೆ ಕೇಳಿದ ಮೊದಲ ಪ್ರಶ್ನೆ, “ಬೆಳಿಗ್ಗಿಂದ ಏನೇನು ಗುಳಿಗಿ ತಗೊಂಡೀರಿ?”

“ನನ್ನವು ಯಾವೂ ಇಲ್ರಿ,” ಎಂದೆ. ಅಕ್ಷರಶಃ ಸತ್ಯ.

ಜೊತೆಗೆ ಬಂದಿದ್ದ ಭಾವನಿಗೆ ಕೀರ್ತಿ ಬಿಟ್ಟುಕೊಡುವ ಮನಸ್ಸಿರಲಿಲ್ಲ. ಗುಳಿಗೆಯ ಹಾಳೆಯನ್ನು ತೆಗೆದು ಮೇಜಿನ ಮೇಲಿಟ್ಟ. “ನನ್ನದು ಕೊಟ್ಟೀನ್ರಿ. ಪ್ರತಿ ಸಲಾನೂ ಕೊಡ್ತೀನಿ.”

ಡಾಕ್ಟರು ಹಾಳೆ ನೋಡಿದರು, ಅವನನ್ನು ನೋಡಿದರು. “ಯಜಮಾನ್ರೇ, ನಿಮ್ಮ ಪ್ಯಾಂಟು ಇವರಿಗೆ ಆಗತೈತೇನ್ರಿ?”

“ಬೆಲ್ಟ್ ಹಾಕಿದ್ರ ಆಗತೈತ್ರಿ.”

ಆಕೆ ನಗಲಿಲ್ಲ. “ಈ ಗುಳಿಗಿ ಬಡಿತಾನ ಹಿಡಿದು ಕೂಡಸ್ತೈತಿ. ಕಳ್ಳನ್ನ ಅಟ್ಟದ ಮ್ಯಾಲೆ ಬಚ್ಚಿಟ್ಟು ಪೊಲೀಸರನ್ನ ಕರದಂಗಾತು. ಅಳತಿ ತಪ್ಪಿದ್ರ ಎದಿ ನಿಂತೂ ಹೋಗಬಹುದಿತ್ತು.”

ಭಾವ ಹಾಳೆಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ. ಆತ ಬಾಯಿ ಮುಚ್ಚಿಕೊಂಡು ಕೂತದ್ದನ್ನು ಆ ಕುಟುಂಬದ ಅಳಿಯನಾದಾಗಿನಿಂದ ನಾನು ಕಂಡಿರಲಿಲ್ಲ.

ಗುಳಿಗೆ ನಿಲ್ಲಿಸಿ ಕೆಲವು ದಿನ ಬಿಟ್ಟು ಬರಲು ಹೇಳಿದರು. ಬಂದಾಗ ಎದೆಗೆ ತಂತಿ ಅಂಟಿಸಿ, ಸೊಂಟಕ್ಕೆ ಬಡಿತ ಬರೆದುಕೊಳ್ಳುವ ಒಂದು ಸಣ್ಣ ಡಬ್ಬಿ ಕಟ್ಟಿ ಮನೆಗೆ ಕಳಿಸಿದರು. ಒಂದು ಹಗಲು ಒಂದು ರಾತ್ರಿ ಅದು ನನ್ನ ಎದೆಯ ಮೇಲೆ ಗೂಢಚಾರಿಕೆ ಮಾಡಿತು. ಬಸ್ಸಿನಲ್ಲಿ ಪಕ್ಕದವರು ಅಂಗಿಯೊಳಗಿನ ತಂತಿ ಕಂಡು ಸೀಟು ಬದಲಾಯಿಸಿದರು.

ಹೆಂಡತಿ, ಭಾವನ ಜೊತೆ ಮರಳಿ ಹೋದಾಗ ಗೆರೆಗಳು ಬೇರೆಯೇ ಇದ್ದವು. ಸಾಲಿ ಬಿಟ್ಟ ಹೊತ್ತಿನ ಮಕ್ಕಳಂತೆ ಗುಂಪಾಗಿ ನುಗ್ಗಿದ್ದವು, ಆಮೇಲೆ ಖಾಲಿ ಬಯಲು, ಮತ್ತೆ ನುಗ್ಗಾಟ. ಡಾಕ್ಟರು ಸಮಾಧಾನವಾಗಿ ತಿಳಿಸಿದರು. ಹೃದಯದ ಮೇಲಿನ ಕೋಣೆ ಸರಿಯಾಗಿ ಹಿಂಡದೆ ನಡುಗಿದರೆ ಅಲ್ಲಿ ರಕ್ತ ನಿಂತು ಹೆಪ್ಪಾಗುತ್ತದೆ, ಆ ಹೆಪ್ಪು ಹೊರಟರೆ ನೇರ ಮಿದುಳಿಗೆ. “ಈಚೆಗೆ ಎಂದಾದ್ರೂ ಕೈ ಸೋತಿತ್ತಾ? ಮಾತು ತಡವರಿಸಿತ್ತಾ?”

“ಇಲ್ರಿ,” ಎಂದೆ ಗಟ್ಟಿಯಾಗಿ.

“ಆಗಿತ್ತು,” ಎಂದಳು ಹೆಂಡತಿ.

ನಾನು ಅವಳ ಕಡೆ ತಿರುಗಿದೆ. ಅವಳು ಡಾಕ್ಟರನ್ನೇ ನೋಡುತ್ತ ಹೇಳಿದಳು. “ಅಣ್ಣನ ಮಗಳ ನಿಶ್ಚಿತಾರ್ಥದಾಗ ಎರಡು ಮಾತು ಆಡ್ತೀನಿ ಅಂತ ಎದ್ದು ನಿಂತ್ರು. ಬಾಯಿ ತೆರದ್ರು, ಮಾತು ಬರಲಿಲ್ಲ. ಬಲಗೈಯಾಗ ಅಕ್ಷತಿ ಹಿಡಿದಿದ್ರು. ಬೆರಳು ಸಡ್ಲಾಗಿ ಎಲ್ಲಾ ಕಾಲಮ್ಯಾಲ ಸೋರಿದ್ವು. ಒಂದೀಟು ಹೊತ್ತು, ಆಮ್ಯಾಲ ಸರಿಯಾದ್ರು.”

ಆ ದಿನ ನನಗೂ ನೆನಪಿತ್ತು, ಆದರೆ ಹಾಗಲ್ಲ. ಸಂತೋಷ ಉಕ್ಕಿ ಗಂಟಲು ಕಟ್ಟಿತೆಂದು ನನ್ನ ನಂಬಿಕೆ. ನನ್ನ ಜೀವಮಾನದ ಅತ್ಯಂತ ಚಿಕ್ಕ ಭಾಷಣವೆಂದು ಬೀಗರು ಹೊಗಳಿದ್ದರು.

ಡಾಕ್ಟರು ಪೆನ್ನು ಕೆಳಗಿಟ್ಟರು. “ಅದು ಸಣ್ಣ ಲಕ್ವಾ, ಅಮ್ಮಾ. ಬಂದು ಹೋಗೇತಿ. ಮುಂದಿನದು ಬಂದ್ರ ಹೋಗಲಿಕ್ಕಿಲ್ಲ.” ರಕ್ತ ಹೆಪ್ಪಾಗದಂತೆ ತಡೆಯುವ ಔಷಧಿ ಬರೆದರು, ಒಂದು ದಿನವೂ ತಪ್ಪಿಸಬಾರದೆಂದರು.

ಲಕ್ವಾ. ನಮ್ಮ ಓಣಿಯಲ್ಲಿ ಮಂಚ ಹಿಡಿದು ಮಲಗಿದವರಿಗೆ ಹೇಳುವ ಶಬ್ದ. ಅದು ತುಂಬಿದ ಸಭೆಯಲ್ಲಿ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು ಹೋಗಿತ್ತು, ನಾನು ಅದಕ್ಕೆ ನಮಸ್ಕಾರ ಮಾಡಿ ಹೋಳಿಗೆ ಉಂಡಿದ್ದೆ.

“ಅವತ್ತ ಯಾಕ ಹೇಳಲಿಲ್ಲ?” ಎಂದು ಹೆಂಡತಿಯನ್ನು ಕೇಳಿದೆ.

“ಎಲ್ಲಾರೂ ಚಪ್ಪಾಳಿ ಹೊಡದ್ರಲ್ರೀ,” ಎಂದಳು. “ನಾನೂ ಹೊಡದೆ.”

ಡಾಕ್ಟರು ಎದ್ದು ನನ್ನ ಮುಂದೆ ಬಂದರು. ಎರಡೂ ಕೈ ಮುಂದೆ ಚಾಚಿ ಕಣ್ಣು ಮುಚ್ಚಲು ಹೇಳಿದರು. ಚಾಚಿದೆ, ಮುಚ್ಚಿದೆ. ಬಲಗೈ ಕುಸಿಯುತ್ತಿದೆಯೋ ನಿಂತಿದೆಯೋ ನನಗೆ ಗೊತ್ತಾಗಲಿಲ್ಲ. ಅದು ನನ್ನದೇ ಕೈ, ಅದರಿಂದ ಕರಿಹಲಗೆಯ ಮೇಲೆ ಬರೆದು ಸಂಸಾರ ಸಾಕಿದ್ದೆ, ಈಗ ಅದರ ಸುದ್ದಿಗಾಗಿ ಬೇರೆಯವರ ಮುಖ ನೋಡಬೇಕಿತ್ತು, ನೋಡಲು ಕಣ್ಣು ತೆರೆಯುವಂತಿರಲಿಲ್ಲ. ಬಹಳ ಹೊತ್ತಿನ ಮೇಲೆ ಬೆನ್ನ ಹಿಂದೆ ಭಾವ ಹಿಡಿದಿದ್ದ ಉಸಿರನ್ನು ಬಿಟ್ಟದ್ದು ಕೇಳಿಸಿತು. ಕೈ ನಿಂತಿದೆ ಎಂದು ನನಗೆ ತಿಳಿದದ್ದು ಹಾಗೆ.