ಟ್ಯಾಂಕ್ ಮೇಲಿಂದ ಬರುತ್ತಿದ್ದ ಕರೆಗಳು

ಶಿವಮೊಗ್ಗದಲ್ಲಿ ನಾನು ಕೆಲಸಕ್ಕೆ ಸೇರಿದ ಕಚೇರಿ ಕೋಟೆ ರಸ್ತೆಯ ಒಂದು ಅಡ್ಡದಾರಿಯಲ್ಲಿ, ನೆಲಮಹಡಿಯಲ್ಲಿತ್ತು. ಮೆಟ್ಟಿಲಿಲ್ಲ ಅನ್ನುವುದೇ ನನಗೆ ಅದರ ದೊಡ್ಡ ಗುಣ. ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ನನ್ನ ಬಲಗಾಲು ಸೊರಗಿಹೋಗಿದೆ. ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು, ಕಂಕುಳಲ್ಲಿ ಊರುಗೋಲು ಇಟ್ಟುಕೊಂಡು ನಡೆಯುತ್ತೇನೆ.

ನಮ್ಮದು ಹಳ್ಳಿಗಳ ನೀರಿನ ಟ್ಯಾಂಕುಗಳಿಗೆ ಮಟ್ಟ ಅಳೆಯುವ ಯಂತ್ರ ಕೂರಿಸುವ ಸಣ್ಣ ಸಂಸ್ಥೆ. ಟ್ಯಾಂಕಿನ ನೆತ್ತಿಯ ಮೇಲೆ ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ಇರುತ್ತದೆ. ನೀರು ಇಳಿದರೆ ಅದು ಮೊಬೈಲ್ ನೆಟ್‌ವರ್ಕ್ ಮೂಲಕ ಸುದ್ದಿ ಕಳಿಸುತ್ತದೆ, ದೂರದ ಪಂಪ್ ಮನೆಯ ಮೋಟಾರು ತಾನಾಗಿ ಶುರುವಾಗುತ್ತದೆ. ತುಂಬಿದರೆ ನಿಲ್ಲುತ್ತದೆ. ಸಂದರ್ಶನದ ದಿನ ನಾನು ಹಳ್ಳಿಗಳಿಗೂ ಹೋಗುತ್ತೇನೆ ಎಂದೆ. ಮಾಲೀಕರು ಒಳ್ಳೆಯವರು. ಮೇಜು ನೋಡಿಕೊಂಡು, "ಟ್ಯಾಂಕ್ ಹತ್ತಬೇಕಾಗುತ್ತಮ್ಮ" ಎಂದರು. ಹೀಗೆ ನಾನು ಪರದೆಯ ಮುಂದೆ ಕುಳಿತೆ.

ಹತ್ತುವ ಕೆಲಸ ಭದ್ರಾವತಿಯ ಒಬ್ಬರದು. ಆಗಲೇ ಐವತ್ತು ದಾಟಿದ್ದರು. ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಗುತ್ತಿಗೆಯ ಮೇಲೆ ಪೈಪ್ ಜೋಡಿಸಿದವರು. ಮನೆಮಾತು ತಮಿಳು, ಕನ್ನಡ ಕಲಿತದ್ದು ಜೊತೆಯ ಕೆಲಸಗಾರರಿಂದ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಮೊದಮೊದಲು ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು.

ನಮಗಿದ್ದ ದೊಡ್ಡ ತಾಪತ್ರಯವೆಂದರೆ ಸಿಮ್. ಒಂದು ಊರಲ್ಲಿ ಒಂದು ನೆಟ್‌ವರ್ಕ್ ಚೆನ್ನಾಗಿ ಸಿಗುತ್ತಿತ್ತು, ಆರು ತಿಂಗಳಿಗೆ ಅದೇ ಕೈಕೊಡುತ್ತಿತ್ತು. ಯಂತ್ರ ಮೂಕವಾಗುತ್ತಿತ್ತು. ಅಣ್ಣ ಮೊಪೆಡ್ ಹತ್ತಿ ಆ ಊರಿಗೆ ಹೋಗಿ, ಟ್ಯಾಂಕ್ ಏರಿ, ಉಗುರಿನಷ್ಟು ಸಿಮ್ ತೆಗೆದು ಇನ್ನೊಂದು ಕಂಪನಿಯದನ್ನು ಹಾಕಬೇಕು. ಹಾಕಿ ಅಲ್ಲಿಂದಲೇ ನನಗೆ ಫೋನ್ ಮಾಡಬೇಕು. ಯಂತ್ರ ಮಾತಾಡಿತೇ ಎಂದು ನಾನು ಪರದೆ ನೋಡಿ ಹೇಳಬೇಕು.

ಒಮ್ಮೆ ಆಯನೂರಿನ ಕಡೆಯ ಟ್ಯಾಂಕಿನಿಂದ ಫೋನ್ ಬಂತು.

"ಮೇಡಂ, ಸಿಮ್ಮು ಗಾಳಿಗೆ ಹಾರೋಯ್ತು. ಕೆಳಗೆ ಒಂದು ಕೋಳಿ ಅದನ್ನೇ ನೋಡ್ತಾ ಇದೆ."

ನಗು ತಡೆಯಲಾಗದೆ, "ಮೇಲಿಂದ ಇನ್ನೇನು ಕಾಣುತ್ತೆ ಅಣ್ಣ?" ಎಂದು ಕೇಳಿದೆ.

ಬಹುಶಃ ಅದುವರೆಗೆ ಯಾರೂ ಅವರನ್ನು ಅದನ್ನು ಕೇಳಿರಲಿಲ್ಲ. ನಿಧಾನವಾಗಿ ಹೇಳತೊಡಗಿದರು. ಸಾಗರದ ಬಸ್ಸು ತಿರುವಿನಲ್ಲಿ ನಿಂತಿದೆ, ಒಬ್ಬಾಕೆ ಅದರ ಹಿಂದೆ ಓಡುತ್ತಿದ್ದಾಳೆ, ಶಾಲೆಯ ಹೆಂಚಿನ ಮೇಲೆ ಎರಡು ಚೆಂಡು ಸಿಕ್ಕಿಕೊಂಡಿವೆ.

ಅಂದಿನಿಂದ ಅದು ಪದ್ಧತಿಯಾಯಿತು. ಯಂತ್ರ ನೆಟ್‌ವರ್ಕ್ ಹುಡುಕಿಕೊಳ್ಳುವ ನಾಲ್ಕೈದು ನಿಮಿಷ ಅವರು ಊರನ್ನು ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ. ಸಕ್ರೆಬೈಲಿನ ಆನೆ ಬಿಡಾರದ ಹತ್ತಿರದ ಟ್ಯಾಂಕಿನಿಂದ, "ಆನೆ ನೀರಿಗೆ ಇಳೀತಾ ಇದಾವೆ. ಮರಿ ಬರಲ್ಲ ಅಂತ ಹಟ ಮಾಡ್ತಾ ಇದೆ" ಎಂದರು. ಮೂರು ವರ್ಷದಲ್ಲಿ ಒಂದು ಟ್ಯಾಂಕನ್ನೂ ಕಣ್ಣಾರೆ ಕಾಣದೆ ಎಲ್ಲವನ್ನೂ ಬಲ್ಲವಳಾದೆ. ಯಾವಾಗ ಮೇಡಂ ಹೋಗಿ ತಂಗಿ ಆದೆನೋ ನೆನಪಿಲ್ಲ.

ಆಮೇಲೆ ಇ-ಸಿಮ್ ಇರುವ ಯಂತ್ರಗಳು ಬಂದವು. ತೆಗೆದು ಹಾಕುವ ಸಿಮ್ಮೇ ಅವಕ್ಕಿಲ್ಲ. ಒಳಗೇ ಬೆಸೆದ ಸಣ್ಣ ಚಿಪ್, ಅದಕ್ಕೆ ಯಾವ ಕಂಪನಿಯ ನೆಟ್‌ವರ್ಕ್ ಬೇಕೋ ಅದನ್ನು ನಾನು ಕುಳಿತಲ್ಲಿಂದಲೇ ಇಳಿಸಬಹುದು, ಬದಲಿಸಬಹುದು. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಲು ಅಣ್ಣ ಎಲ್ಲ ಟ್ಯಾಂಕುಗಳನ್ನೂ ಇನ್ನೊಂದು ಸಲ ಹತ್ತಬೇಕಾಯಿತು. ಪ್ರತಿ ಚಿಪ್‌ಗೂ ಮೂವತ್ತೆರಡು ಅಂಕಿಯ ಒಂದು ಸಂಖ್ಯೆ. ಅವರು ಮೇಲಿಂದ ಓದುತ್ತಿದ್ದರು, ನಾನು ಬರೆದುಕೊಂಡು ಮತ್ತೆ ಓದಿ ಹೇಳುತ್ತಿದ್ದೆ. ಅವಸರವಾದಾಗ ಅವರ ಬಾಯಲ್ಲಿ ಐದು ತಮಿಳಿನ 'ಅಂಜು' ಆಗುತ್ತಿತ್ತು, ಎರಡೂ ಭಾಷೆಗೆ ಒಂದೇ ಆದ ಆರು, ಏಳು ಮಾತ್ರ ಹಾಗೆಯೇ ಉಳಿಯುತ್ತಿದ್ದವು.

ಕೊನೆಯ ಟ್ಯಾಂಕಿನ ಸಂಖ್ಯೆ ಓದಿ ಮುಗಿಸಿ ಅವರು ಕೇಳಿದರು.

"ಇನ್ಮೇಲೆ ಸಿಮ್ಮಿಗೆ ಅಂತ ನಾನು ಹತ್ತೋದು ಬೇಡ ಅಲ್ವಾ ತಂಗಿ?"

"ಬೇಡ ಅಣ್ಣ."

"ಸರಿ" ಎಂದು ಫೋನ್ ಇಟ್ಟರು. ಅವತ್ತು ಏನು ಕಾಣುತ್ತದೆ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮಾಲೀಕರು ಅವರನ್ನು ಬಿಡಿಸಲಿಲ್ಲ. ಪಂಪ್ ರಿಪೇರಿ ಕೊಟ್ಟರು, ಬ್ಯಾಟರಿ ಬದಲಾಯಿಸುವುದು ಕೊಟ್ಟರು. ಆದರೆ ಅದಕ್ಕೆಲ್ಲ ನನಗೆ ಫೋನ್ ಮಾಡುವ ಅಗತ್ಯವಿರಲಿಲ್ಲ. ನಾನು ಬೆರಳ ತುದಿಯಲ್ಲಿ ನೆಟ್‌ವರ್ಕ್ ಬದಲಿಸುತ್ತ ಜಾಣೆ ಅನ್ನಿಸಿಕೊಂಡೆ. ಕಚೇರಿ ಮಾತ್ರ ತುಂಬ ಸದ್ದಿಲ್ಲದೆ ಇತ್ತು. ಅವರ ಕೆಲಸವನ್ನು ನಾನೇ ಕಿತ್ತುಕೊಂಡೆನೇನೋ ಎಂಬ ಅಳುಕೂ ಇತ್ತು.

ಬೇಸಿಗೆಯ ಒಂದು ಬೆಳಿಗ್ಗೆ ಸಕ್ರೆಬೈಲಿನ ಹತ್ತಿರದ ಅದೇ ಟ್ಯಾಂಕಿನ ಸಿಗ್ನಲ್ ಸ್ವಲ್ಪ ಕ್ಷೀಣವಾಗಿದ್ದುದು ಕಂಡೆ. ಇನ್ನೊಂದು ನೆಟ್‌ವರ್ಕಿಗೆ ಬದಲಿಸಿದೆ. ಹೊಸದು ಸಿಗದಿದ್ದರೆ ಯಂತ್ರ ತಾನಾಗಿ ಹಳೆಯದಕ್ಕೆ ಮರಳುವ ಒಂದು ವ್ಯವಸ್ಥೆ ಇದೆ. ಅದನ್ನು ಮೊದಲೇ ಚಾಲೂ ಮಾಡಿಡಬೇಕು. ಬೇರೆಲ್ಲ ಯಂತ್ರಗಳಿಗೂ ಮಾಡಿದ್ದೆ, ಇದೊಂದಕ್ಕೆ ಮರೆತಿದ್ದೆ. ಯಂತ್ರ ಮೂಕವಾಯಿತು. ನಾನು ಇಲ್ಲಿಂದ ಏನು ಕೂಗಿದರೂ ಅದಕ್ಕೆ ಕೇಳಿಸುವಂತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಲ್ಲಿನ ನೀರುಗಂಟಿ ಫೋನ್ ಮಾಡಿದ. "ನಲ್ಲೀಲಿ ನೀರಿಲ್ಲ ಮೇಡಂ. ಮೋಟ್ರು ಆನೇ ಆಗಿಲ್ಲ." ಸದ್ಯಕ್ಕೆ ಕೈಯಿಂದಲೇ ಶುರು ಮಾಡಲು ಹೇಳಿ, ಅಣ್ಣನಿಗೆ ಫೋನ್ ಮಾಡಿದೆ. ತಪ್ಪು ನನ್ನದು ಎಂದು ಹೇಳುವಾಗ ಅಳುವೇ ಬಂದುಬಿಟ್ಟಿತು.

"ಅಳ್ಬೇಡ ಮಾರಾಯ್ತಿ. ಕಚೇರಿ ವ್ಯಾನ್ ತಗೊಂಡು ಹೋಗೋಣ. ನೀನೂ ಬಾ."

"ನಾನು ಬಂದು ಏನು ಮಾಡ್ಲಿ? ಹತ್ತೋಕಾಗುತ್ತಾ?"

"ಹತ್ತೋದು ನಾನು. ಆ ಲ್ಯಾಪ್‌ಟಾಪ್ ಒತ್ತೋದು ಯಾರು?"

ಮಾತು ನಿಜವಾಗಿತ್ತು. ಪೆಟ್ಟಿಗೆ ಬಿಚ್ಚಿ ಒಳಗಿನ ಗುಂಡಿ ಒತ್ತಿ ಹಿಡಿದರೆ ಬ್ಲೂಟೂತ್ ಚಾಲೂ ಆಗುತ್ತದೆ. ಆಗ ಟ್ಯಾಂಕಿನ ಬುಡದಿಂದಲೇ ನಾನು ಅದನ್ನು ಸರಿಪಡಿಸಬಹುದು.

ನೀರುಗಂಟಿ ತಂದಿಟ್ಟ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಟ್ಯಾಂಕಿನ ನೆರಳಲ್ಲಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತೆ. ಅಣ್ಣ ಏಣಿ ಹತ್ತತೊಡಗಿದರು. ಇಷ್ಟು ವರ್ಷ ಅವರ ದನಿಯನ್ನು ಮೇಲೆ ತಲುಪಿದ ಮೇಲಷ್ಟೇ ಕೇಳಿದ್ದೆ. ಹತ್ತುವುದನ್ನು ನೋಡಿದ್ದು ಅದೇ ಮೊದಲು. ಎಂಟು ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದರು. ಎಡ ಮಂಡಿಯನ್ನು ಕೈಯಿಂದ ಎತ್ತಿ ಮುಂದಿನ ಮೆಟ್ಟಿಲಿಗೆ ಇಡುತ್ತಿದ್ದರು. ನಾನು ಬಸ್ಸು ಹತ್ತುವಾಗ ನನ್ನ ಕಾಲನ್ನು ಎತ್ತಿಡುವುದೂ ಹಾಗೆಯೇ.

ಮೇಲೆ ತಲುಪಿ ಗುಂಡಿ ಒತ್ತಿದರು. ಯಂತ್ರ ನನ್ನ ಪರದೆಯಲ್ಲಿ ಕಾಣಿಸಿತು. ಹಳೆಯ ನೆಟ್‌ವರ್ಕ್ ಮತ್ತೆ ಹಾಕಿದೆ, ಮರೆತದ್ದನ್ನು ಚಾಲೂ ಮಾಡಿದೆ. ಸ್ವಲ್ಪ ಹೊತ್ತಿಗೆ ನೀರಿನ ಮಟ್ಟ ಬಂತು. "ಬಂತು ಅಣ್ಣ, ಇಳಿದು ಬನ್ನಿ" ಎಂದು ಕೂಗಿದೆ.

ಇಳಿದು ಬಂದವರು ನೆಲದ ಮೇಲೆ ಕಾಲು ಚಾಚಿ ಕುಳಿತರು. ನೀರುಗಂಟಿಯ ಹೆಂಡತಿ ಮಜ್ಜಿಗೆ ಕೊಟ್ಟರು.

"ಮಂಡಿ ನೋವು ಎಷ್ಟು ದಿನದಿಂದ?" ಎಂದೆ.

"ನಾಲ್ಕು ವರ್ಷ ಆಯ್ತು."

"ಒಂದು ದಿನಾನೂ ಹೇಳ್ಲಿಲ್ವಲ್ಲ ಅಣ್ಣ!"

ಅವರು ಲೋಟ ನೋಡುತ್ತ ನಕ್ಕರು. "ಮೇಲೆ ಹೋದ ತಕ್ಷಣ ಇಳಿಯೋಕೆ ಆಗ್ತಿರ್ಲಿಲ್ಲ ತಂಗಿ. ಏನು ಕಾಣುತ್ತೆ ಅಂತ ನೀನು ಕೇಳ್ತಿದ್ದೆ. ಅದನ್ನ ಹೇಳೋ ನೆಪದಲ್ಲಿ ಉಸಿರು ತಗೊಳ್ತಿದ್ದೆ. ಇ-ಸಿಮ್ ಬಂದಾಗ ಈ ಕಾಲು ಬದುಕ್ತು ಅಂತ ಖುಷಿ ಆಯ್ತು. ಆದ್ರೆ ಫೋನ್ ಮಾಡೋಕೆ ಕಾರಣ ಇಲ್ದೆ ಹೋಯ್ತಲ್ಲ."

"ಕಾರಣ ಯಾಕೆ ಬೇಕು?" ಎಂದೆ. ಎಂದ ಮೇಲೆ ನನಗೇ ನಾಚಿಕೆಯಾಯಿತು. ಕರೆಗಳು ನಿಂತ ಆ ಆರೇಳು ತಿಂಗಳು ನಾನಾದರೂ ಎಲ್ಲಿ ಫೋನ್ ಮಾಡಿದ್ದೆ?

ಮರುದಿನ ಮಾಲೀಕರ ಮುಂದೆ ನಿಂತು ನನ್ನ ತಪ್ಪನ್ನೂ ಅಣ್ಣನ ಮಂಡಿಯನ್ನೂ ಒಟ್ಟಿಗೇ ಹೇಳಿದೆ. ಅವರು ಮೊದಲನೆಯದಕ್ಕೆ ಬೈದರು. ಎರಡನೆಯದನ್ನು ಕೇಳಿ, ಬ್ಯಾಟರಿ ಬದಲಿಸಲು ಹತ್ತುವುದಕ್ಕೆ ಬೇರೆಯವರನ್ನು ಗೊತ್ತು ಮಾಡಿದರು. ಅಣ್ಣನಿಗೆ ವ್ಯಾನ್ ಮತ್ತು ಪಂಪ್ ಮನೆಗಳ ಜವಾಬ್ದಾರಿ ಕೊಟ್ಟರು. ನಾನು ವಾರಕ್ಕೊಂದು ದಿನ ಜೊತೆಗೆ ಹೋಗಿ ನೀರುಗಂಟಿಗಳಿಗೆ ಯಂತ್ರದ ಬಗ್ಗೆ ತಿಳಿಸಿ ಬರುವುದೆಂದಾಯಿತು.

ಈಗ ಗುರುವಾರ ಬಂದರೆ ನಾವಿಬ್ಬರೂ ಊರೂರು ಸುತ್ತುತ್ತೇವೆ. ಭದ್ರಾವತಿಯಿಂದ ಅವರ ಹೆಂಡತಿ ಎರಡು ಡಬ್ಬಿ ಕಟ್ಟಿ ಕಳಿಸುತ್ತಾರೆ. ವ್ಯಾನಿನ ಬಾಗಿಲು ತೆರೆದಿಟ್ಟು, ನಾನು ಸೀಟಿನ ಮೇಲೆ, ಅಣ್ಣ ಪಕ್ಕದ ಕಟ್ಟೆಯ ಮೇಲೆ ಕುಳಿತು ಊಟ ಮಾಡುತ್ತೇವೆ. ಆಕೆಯನ್ನು ನಾನಿನ್ನೂ ನೋಡಿಲ್ಲ. ನಿಂಬೆಹಣ್ಣಿನ ಚಿತ್ರಾನ್ನಕ್ಕೆ ಖಾರ ಹೆಚ್ಚಾಯಿತಾ ಎಂದು ವಾರ ವಾರವೂ ಕೇಳಿ ಕಳಿಸುತ್ತಾರೆ. ಹೆಚ್ಚೇ ಇರುತ್ತದೆ. ಇಲ್ಲ ಎಂದು ಹೇಳಿ ಕಳಿಸುತ್ತೇನೆ.