ಹಿನ್ನೀರಿನ ಲೈಟ್ ಹೌಸೂ ನಮ್ಮ ಎಮ್ಮೆಗಳೂ

ನಮ್ಮ ಅತ್ತೆ ನನಗೆ ಬಿಟ್ಟುಹೋದದ್ದು ಒಂದು ಎಣ್ಣೆಯ ಗಿಂಡಿ, ಜೊತೆಗೆ ಅವಳ ಬಾಯಿ. ಊರಗುಡ್ಡದ ಮೇಲಿನ ಕಲ್ಲುಕಂಬಕ್ಕೆ ಕಾರ್ತಿಕ ಸೋಮವಾರ ದೀಪ ಹಚ್ಚುವುದು ನಮ್ಮ ಮನೆಯ ಪಾಲಿಗೆ ಬಂದ ಕೆಲಸ. ಗಿಂಡಿ ಅದಕ್ಕೆ. ಬಾಯಿ ಯಾವುದಕ್ಕೆಂದು ಮುಂದೆ ತಿಳಿಯುತ್ತದೆ.

ಕಬಿನಿಗೆ ಅಣೆಕಟ್ಟು ಕಟ್ಟಿದಾಗ ಊರು ಮುಳುಗಿತು, ಗುಡ್ಡ ಮುಳುಗಲಿಲ್ಲ. ಸುತ್ತ ನೀರು ನಿಂತು ನಡುಗಡ್ಡೆಯಾಯಿತು. ನಮ್ಮನ್ನು ಎಚ್.ಡಿ. ಕೋಟೆ ಕಡೆಯ ಬಯಲಿಗೆ ಎತ್ತಿಹಾಕಿ, ಅಲ್ಲಿ ಮನೆಮನೆಗೂ ಲೈಟು ಕೊಡುತ್ತೇವೆ ಅಂದರು. ಹಾಗೆಂದ ಸಾಹೇಬರೆಲ್ಲ ರಿಟೈರಾದ ಮೇಲೆ ಲೈಟು ಬಂತು. ಈಗಲೂ ನಾಲ್ಕು ಹನಿ ಬಿದ್ದರೆ ಹೋಗುತ್ತದೆ. ನಾನಂತೂ ವರ್ಷವರ್ಷವೂ ತೆಪ್ಪದಲ್ಲಿ ಕುಕ್ಕರುಗಾಲಲ್ಲಿ ಕೂತು ಹೋಗಿ ದೀಪ ಹಚ್ಚಿ ಬರುತ್ತಿದ್ದೆ. ದೊಡ್ಡ ಭಕ್ತಿಯೇನಲ್ಲ. ಅತ್ತೆ ನಡೆಸಿದ್ದನ್ನು ನಾನು ಕೈಬಿಟ್ಟೆ ಅಂತ ನನ್ನ ಓರಗಿತ್ತಿ ಆಡಿಕೊಳ್ಳಬಾರದು, ಅಷ್ಟೆ.

ಆಮೇಲೆ ದಡದಲ್ಲಿ ರೆಸಾರ್ಟು ಎದ್ದಿತು. ಕಂಬದ ತುದಿಯ ಗೂಡಿಗೆ ಸೋಲಾರ್ ಬಲ್ಬು ಸಿಕ್ಕಿಸಿ, 'ಲೈಟ್ ಹೌಸ್' ಅಂತ ಬೋರ್ಡು ನೆಟ್ಟರು. ಆ ಮಾತು ಕಿವಿಗೆ ಬಿದ್ದದ್ದೇ ಓರಗಿತ್ತಿ ಓಡಿಬಂದಳು.

"ಅಕ್ಕೋ, ಅಂತೂ ಆವತ್ ಏಳಿದ್ ಲೈಟಿನ್ ಮನೆ ಕಟ್ಟವ್ರಂತೆ ಕಣಕ್ಕ! ಆದ್ರೆ ನೀರ್ ಮಧ್ಯುಕ್ ಯಾಕ್ ಕಟ್ಟುದ್ರು?"

"ನಮ್ಮನ್ನ ಅಲ್ಲಿಂದ ಎಬ್ಸುದ್ರಲ್ಲ, ಮನೆ ಅಲ್ಲೇ ಕೊಡ್ತಾವ್ರೆ," ಅಂದೆ.

ತೆಪ್ಪ ಅಪಾಯವೆಂದು ಅದನ್ನೂ ನಿಲ್ಲಿಸಿದರು. ಇನ್ನು ನಡುಗಡ್ಡೆಗೆ ಹೋಗಲು ರೆಸಾರ್ಟಿನ ಬೋಟೇ ಗತಿ. ಹೋದ ಕಾರ್ತಿಕದಲ್ಲಿ ಗಿಂಡಿ ಹಿಡಿದು ಅವರ ಗೇಟಿಗೆ ಹೋದೆ. ಮ್ಯಾನೇಜರು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಸುಕ್ಕು ಅವನಿಗೆ ಇಷ್ಟವಾಯಿತು ಅಂತ ಕಾಣುತ್ತದೆ.

"ಅಜ್ಜಿ, ನಮ್ಮ ಗೆಸ್ಟ್‌ಗಳ ಜೊತೆ ಬೋಟಲ್ಲೇ ಬನ್ನಿ, ದೀಪ ಹಚ್ಚಿ, ಫೋಟೊ ತೆಕ್ಕೊಳ್ತಾರೆ. ಆದ್ರೆ ಕಥೆ ನಮ್ಮ ಗೈಡ್ ಹೇಳ್ತಾನೆ. ನೀವು ಮಧ್ಯೆ ಬಾಯಿ ಹಾಕ್ಬಾರ್ದು."

ನನ್ನ ಗಂಡ ಬದುಕಿದ್ದಷ್ಟು ದಿನ ಕೇಳಿ ಕೇಳಿ ಸೋತ ಕೆಲಸ ಅದು. ದೀಪಕ್ಕಾಗಿ ಒಪ್ಪಿಕೊಂಡೆ.

ದಿಂಬಿನಂಥದೊಂದು ಕಿತ್ತಳೆ ಅಂಗಿ ತೊಡಿಸಿ ಕೂರಿಸಿದರು. ಗೈಡು ಹಂಪಾಪುರದವನು, ಮೀಸೆ ತಿರುವಿಕೊಂಡು ಶುರುಮಾಡಿದ: ಹಿಂದೆ ಒಬ್ಬ ಬಿಳಿ ದೊರೆ, ಕತ್ತಲಲ್ಲಿ ಹಡಗುಗಳು ದಾರಿ ತಪ್ಪದಿರಲಿ ಎಂದು ಈ ಲೈಟ್ ಹೌಸ್ ಕಟ್ಟಿಸಿದನಂತೆ. ಎಲ್ಲರೂ ಅಬ್ಬಾ ಅಂದರು. ನೀರು ಬರುವುದಕ್ಕೆ ಮುಂಚೆಯೇ ನಮ್ಮ ರಾಗಿ ಹೊಲದಲ್ಲಿ ಹಡಗು ಓಡಾಡುತ್ತಿತ್ತು! ನಾಲಿಗೆ ತುರಿಸಿತು. ಗಿಂಡಿಯನ್ನು ಬಿಗಿಯಾಗಿ ಹಿಡಿದುಕೊಂಡೆ.

ಮೇಲಿನ ಗೂಡು ಬಲ್ಬಿನ ಪಾಲಾಗಿತ್ತಲ್ಲ, ಕೆಳಗಿನ ಗೂಡಿಗೆ ಎಣ್ಣೆ ಹುಯ್ದೆ. ಗಾಳಿಗೆ ಕಡ್ಡಿ ನಿಲ್ಲಲೊಲ್ಲದು. ಗೆಸ್ಟುಗಳು ಟೋಪಿ ಅಡ್ಡ ಹಿಡಿದರು. ಬತ್ತಿ ಹೊತ್ತಿಕೊಂಡಿತು. ಆಗ ಮೈಸೂರಿನ ಹೆಂಗಸೊಬ್ಬಳು ಬಗ್ಗಿ, "ಅಜ್ಜಿ, ಈ ಲೈಟ್ ಹೌಸ್ ನಿಮ್ಮ ಯಜಮಾನ್ರೇ ನೋಡ್ಕೋತಿದ್ರಾ?" ಅಂದಳು.

ಗೈಡು ಸುಮ್ಮನಿರಿ ಅಂತ ಕಣ್ಣು ಮಿಟುಕಿಸಿದ. ದೀಪ ಉರಿಯುತ್ತಿತ್ತು. ಈಗ ನನ್ನಿಂದ ಏನು ಕಿತ್ತುಕೊಳ್ಳುತ್ತಾರೆ?

"ನಮ್ಮೆಜಮಾನ್ರು ಹಡ್ಗು ನೋಡ್ದೋರೇ ಅಲ್ಲ ಕಣವ್ವ, ಎಮ್ಮೆ ನೋಡ್ಕತಿದ್ರು. ನಿಮ್ ಬೋಟ್ ನಿಂತದಲ್ಲ, ಅದ್ರ ಕೆಳ್ಗೇ ನಮ್ ಕೊಟ್ಗೆ. ಹಡ್ಗ್ ಬಂದಿದ್ರೆ ಎಮ್ಮೆ ಪಕ್ಕದಲ್ಲೇ ಕಟ್ಬೇಕಿತ್ತು."

ನಗೆಯೋ ನಗೆ. ಆಮೇಲೆ ಒಬ್ಬೊಬ್ಬರೇ ಬೋಟಿನ ಕೆಳಗಿನ ನೀರನ್ನು ಬಗ್ಗಿ ನೋಡತೊಡಗಿದರು.

"ನನ್ ಕೆಲ್ಸುಕ್ಕೇ ಕಲ್ಲಾಕ್ಬುಟ್ರಲ್ಲಜ್ಜಿ!" ಅಂದ ಗೈಡು, ಮರಳುವಾಗ.

"ನಿನ್ ಹಡ್ಗು ಒಣನೆಲ್ದಲ್ ನಿಂತಿತ್ತು ಕಣ್ಲಾ. ಒಸಿ ತಳ್ದೆ, ಅಷ್ಟೆಯ."

ದಡದಲ್ಲಿ ಮ್ಯಾನೇಜರು ನಗುನಗುತ್ತಲೇ, "ಮುಂದಿನ ವರ್ಷ ನೋಡೋಣ ಅಜ್ಜಿ," ಅಂದ. ಅಂಥವರು ನೋಡೋಣ ಅಂದರೆ ಬರಬೇಡ ಅಂತ ಅರ್ಥ. ಗಿಂಡಿ ಅಟ್ಟ ಸೇರಿತು. "ಬಾಯಿ ಒಸಿ ಇಡ್ಕಂಡಿದ್ರೆ ದೀಪ ನಿಂತೋಯ್ತಿರ್ಲಿಲ್ಲ ಕಣಕ್ಕ," ಅಂತ ಓರಗಿತ್ತಿ ವರ್ಷಪೂರ್ತಿ ಚುಚ್ಚಿದಳು. ಅವಳ ಮಾತು ಸರಿಯಾಗಿತ್ತು. ಅದಕ್ಕೇ ಇನ್ನಷ್ಟು ಉರಿಯಿತು.

ಈ ಕಾರ್ತಿಕದಲ್ಲಿ ಗೈಡೇ ಬೈಕು ಹತ್ತಿ ಮನೆಗೆ ಬಂದ. "ಬನ್ನಿ ಅಜ್ಜಿ. ಹೋದ್ಸಲದೋರು ನಿಮ್ ಫೋಟೊ, ಮಾತು ಎಲ್ಲ ಫೋನಲ್ ಹಾಕವ್ರೆ, ಬಂದೋರೆಲ್ಲ 'ಎಮ್ಮೆ ಅಜ್ಜಿ' ಎಲ್ಲಿ ಅಂತ ಕೇಳ್ತಾವ್ರೆ. ಮ್ಯಾನೇಜರೇ ಕಳ್ಸವ್ರೆ."

ಓರಗಿತ್ತಿಗೆ ಕಾಣುವ ಹಾಗೆ ಗಿಂಡಿ ಇಳಿಸಿ ತೊಳೆದು, ಹೋದೆ. ಬೋಟು ನಡುನೀರಿಗೆ ಬಂದಾಗ ಗೈಡು ಮೀಸೆ ತಿರುವಿದ: ಹಿಂದೆ ಕಾಡಿಗೆ ಮೇಯಲು ಹೋದ ಎಮ್ಮೆಗಳು ಸಂಜೆ ದಾರಿ ತಪ್ಪದಿರಲಿ ಎಂದು, ದಯಾವಂತ ಬಿಳಿ ದೊರೆಯೊಬ್ಬ ಈ ಲೈಟ್ ಹೌಸ್ ಕಟ್ಟಿಸಿದನಂತೆ.

ಎಲ್ಲರೂ ಅಬ್ಬಾ ಅಂದರು. ನಮ್ಮ ಎಮ್ಮೆಗಳು ಯಾವ ಕತ್ತಲಲ್ಲೂ ನೇರವಾಗಿ ಕೊಟ್ಟಿಗೆಗೇ ಬರುತ್ತಿದ್ದವು. ದಾರಿ ತಪ್ಪುತ್ತಿದ್ದದ್ದು ಹೆಂಡ ಕುಡಿದ ಗಂಡಸರು. ಆದರೂ ಬತ್ತಿ ಹೊತ್ತಿಕೊಳ್ಳುವ ತನಕ ನಾನು ಬಾಯಿ ಬಿಡಲಿಲ್ಲ.