ಹುರಿಯದ ಜೋಳ

ಮೊನ್ನೆ ಸೊಸಿ ಬಾಣಲ್ಯಾಗ ಓಟ್ಸು, ಬಾದಾಮಿ, ಕುಂಬಳಬೀಜ ಹುರಿಯಾಕತ್ತಿದ್ಲು. ನಾಷ್ಟಾಕ್ಕ ಮ್ಯೂಸ್ಲಿ ಅಂತ, ಮನ್ಯಾಗ ಮಾಡಿದ್ರ ಮೈಗೆ ಛಲೋ ಅಂತ. ಅದರ ಘಮ ಪಡಸಾಲಿಗೆ ಬಂತು ನೋಡ್ರಿ, ನನಗ ಕುಂತಲ್ಲೇ ಕುಂದ್ರಾಕ ಆಗಲಿಲ್ಲ. ಹುರದ ಕಾಳಿನ ವಾಸನಿ ಬಂದ್ರ ನಾ ಈಗಲೂ ಎದ್ದು ಹೊರಗ ಹೋಗ್ತೀನಿ. ಸೊಸಿಗೆ ಕಾರಣ ಗೊತ್ತಿಲ್ಲ, ಪಾಪ, ನನಗ ಹೊಗಿ ಆಗಂಗಿಲ್ಲ ಅಂತ ತಿಳ್ಕೊಂಡಾಳ. ಕಳಕೊಂಡ ಮನಿ ಇಂಥಾ ವಾಸನ್ಯಾಗ ತಿರುಗಿ ಬರೋದು ನಿಮಗೂ ಗೊತ್ತಿದ್ದೀತು.

ಎಪ್ಪತ್ತರ ದಶಕದಾಗ ನಮ್ಮ ಮಾನ್ವಿ ಮನ್ಯಾಗ ಮುಂಜಾನಿ ನಾಷ್ಟಾ ಅಂದ್ರ ಅಳ್ಳಿಟ್ಟು. ಅಪ್ಪನ ಅವ್ವ, ನಮ್ಮ ಆಯಿ, ಜೋಳಕ್ಕ ನೀರು ಚಿಮುಕಿಸಿ ರಾತ್ರೆಲ್ಲ ಅರಬ್ಯಾಗ ಗಂಟು ಕಟ್ಟಿಡ್ತಿದ್ಲು. ಮುಂಜಾನಿ ಕಾದ ಹಂಚಿಗೆ ಹಿಡಿ ಹಿಡಿ ಹಾಕಿದ್ರ ಚಟಪಟ ಅಂತ ಮಲ್ಲಿಗಿಯಂಗ ಅರಳ್ತಿದ್ದುವು. ಆ ಅಳ್ಳು, ಪುಟಾಣಿ ಬೀಸಿ, ಶೇಂಗಾ ಕುಟ್ಟಿ ಹಾಕಿ, ಬೆಲ್ಲ ಕಲಸಿ, ಬಿಸಿ ಹಾಲು ಸುರುವಿ ಕೊಡಾಕಿ. ತಂಗಿ ಗಿರಿಜಿ, ಇನ್ನೂ ಸಾಲಿಗೆ ಹೋಗದ ಕೂಸು, ವಾಟಿ ನೆಕ್ಕಿ ಇನ್ನೊಂಚೂರು ಅಂತ ಕೈ ಚಾಚಾಕಿ. ಆಯಿಗೆ ಆಕಿ ಅಂದ್ರ ಜೀವ.

ಒಂದು ಬ್ಯಾಸಗ್ಯಾಗ ಗಿರಿಜಿ ಮೈತುಂಬ ಗುಳ್ಳಿ ಎದ್ದುವು. ಅಮ್ಮ ಬಂದಾಳ ಅಂದ್ರು, ಬಾಗಲಿಗೆ ಬೇವಿನ ಟೊಂಗಿ ಕಟ್ಟಿದ್ರು. ದೇವಿ ಮನ್ಯಾಗ ಇರೂತನ ಒಗ್ಗರಣಿ ಕೊಡಂಗಿಲ್ಲ, ಏನೂ ಹುರಿಯಂಗಿಲ್ಲ. ಕೂಸಿಗೆ ಬೇವಿನ ನೀರು ಹಾಕಿ ಅಮ್ಮನ್ನ ಕಳಸಿದ ಮ್ಯಾಲೇ ಹಂಚು ಇಡೋದು. ಗಿರಿಜಿ ಗಂಜಿ, ಮೊಸರನ್ನ ಬಾಯಿಗಿಟ್ರ ಉಗಳ್ತಿದ್ಲು. ಬೇಕಾಗಿದ್ದು ಅಳ್ಳಿಟ್ಟೊಂದ. ದಿನಾ ಸೊರಗಾಕತ್ತಿದ್ಲು. ಬಾಜೂ ಮನಿ ಖೈರುನ್‌ಬೀ ನಮ್ಮ ಸಲುವಾಗಿ ತನ್ನ ಮನ್ಯಾಗೂ ಒಗ್ಗರಣಿ ಬಂದ್ ಮಾಡಿದ್ಲು. ಆದ್ರ ಕೂಸಿನ ಮಾರಿ ನೋಡಿ ತಡಿಲಾರದ, ಬ್ಯಾರೆ ಓಣ್ಯಾಗ ಹುರಿಸಿ ತರ್ತೀನಿ ಅಂದ್ಲು. ಆಯಿ ಕೈ ಮುಗದು ಬ್ಯಾಡ ಅಂದ್ಲು. ದೇವಿ ಮುನಿದ್ರ ಕೂಸು ಉಳಿಯಂಗಿಲ್ಲ ಅನ್ನೋದು ಆಕಿ ಅಂಜಿಕಿ. ಕಡೀಕ ಅವ್ವ ಆಯಿ ಕಾಲು ಹಿಡದ್ಲು.

"ಒಂದ ಹಿಡಿ ಹುರದು ಕೊಡ್ರಿ ಅತ್ತಿ. ಮತ್ತೇನೂ ಗಂಟಲದಾಗ ಇಳಿವಲ್ದು."

"ನಾಳಿ ನೀರು ಹಾಕ್ತೀವಲ್ಲ ಯವ್ವಾ. ಮೊದಲ್ನೇ ಹಂಚು ಆಕಿದ," ಅಂದ ಆಯಿ ಆಗಿಂದಾಗ ಜೋಳ ತೋಯಿಸಿ ಗಂಟು ಕಟ್ಟಿದ್ಲು.

ಮುಂಜಾನಿ ಬೇವಿನ ನೀರು ಕಾದಿತ್ತು. ಅವ್ವ ಗಿರಿಜಿನ್ನ ಎಬ್ಬಸಾಕ ಹೋದ್ಲು. ಕೂಸಿನ ಮೈ ತಣ್ಣಗಾಗಿತ್ತು. ಅವ್ವನ ಆ ದನಿ ನನಗ ಬರಿಯಾಕ ಬರಂಗಿಲ್ಲ. ಅದ ನೀರಿಲೇ ಆಕಿ ಮೈ ತೊಳದು, ಮಣ್ಣಿಗೆ ಕೊಟ್ಟು ಬಂದ್ರು. ಮೂರನೇ ದಿನಕ್ಕ ಅಡಗಿಮನಿ ತುಂಬ ಹುಳಿ ವಾಸನಿ. ಆಯಿ ಗಂಟು ಬಿಚ್ಚಿದ್ಲು. ಜೋಳಕ್ಕ ಬೂಸರು ಬಂದಿತ್ತು. ಅದನ್ನ ಉಡ್ಯಾಗ ಹಾಕ್ಕೊಂಡು ಕುಂತು, ಒಲಿ ಮುಂದಿದ್ದ ಅವ್ವನ್ನ ಸಣ್ಣ ದನಿಲೆ ಕೇಳಿದ್ಲು.

"ನೀ ಕೇಳಿದಾಗ ಹುರಿಬೇಕಿತ್ತೇನ, ಯವ್ವಾ?"

ಅವ್ವ ಒಲ್ಯಾಗಿನ ಕಟಿಗಿ ಮುಂದ ಸರಿಸಿದ್ಲು. ಆಮ್ಯಾಲೆ ಇಬ್ರೂ ಅದ ಒಲಿ ಮುಂದ ಎಷ್ಟೋ ವರ್ಷ ಬಾಳೇವು ಮಾಡಿದ್ರು. ಆ ಮನ್ಯಾಗ ಮತ್ತ ಅಳ್ಳು ಹುರಿಲಿಲ್ಲ. ಆಯಿ ಹಾಸಿಗಿ ಹಿಡದಾಗ ಅವ್ವನೇ ಆಕಿಗೆ ಉಣಸಿದ್ಲು, ಮೈ ತೊಳದ್ಲು, ತಲಿ ಬಾಚಿದ್ಲು. ಸಾಯೂ ದಿನ ಆಯಿ ಮತ್ತೊಮ್ಮೆ ಅದ ಮಾತು ಕೇಳಿದ್ಲು, ಹುರಿಬೇಕಿತ್ತೇನ ಅಂತ. ಅವ್ವ ಆಕಿ ಬಾಯಾಗ ನೀರು ಬಿಟ್ಲು.